ಅನೇಕ ಮನೆಗಳ ಒಂದು ಊರು

ವ್ಯಾಪಾರಿಗೆ ಹಣಕ್ಕಿಂತಲೂ ಮೊದಲಿನ ಬಂಡವಾಳವೆಂದರೆ ಮಾತು. ಕೊಟ್ಟ ಮಾತು ನಿಂತರೆ ಅಂಗಡಿ ನಿಲ್ಲುತ್ತದೆ. ಹುಬ್ಬಳ್ಳಿಯ ಜವಳಿ ವ್ಯಾಪಾರದಲ್ಲಿ ನಾಲ್ಕು ದಶಕ ಕಳೆದ ನನಗೆ ಇದು ಅನುಭವದಿಂದ ಬಂದ ತಿಳಿವಳಿಕೆ. ಆದರೆ ನಾವು ಆಡಿದ ಮಾತು ಯಾರ ಮನೆಯಲ್ಲಿ ಉಳಿದಿರುತ್ತದೆ, ಅದರ ಮೇಲೆ ಅಧಿಕಾರ ಯಾರದು ಎಂಬ ಪ್ರಶ್ನೆ ನಮ್ಮ ಹಿರಿಯರಿಗೆ ಎದುರಾಗಿರಲಿಲ್ಲ. ಇಂದು ಅದು ಪ್ರತಿಯೊಂದು ಕುಟುಂಬದ, ಪ್ರತಿಯೊಂದು ಟ್ರಸ್ಟಿನ ಪ್ರಶ್ನೆಯಾಗಿದೆ.

ನಾನು ಸದಸ್ಯನಾಗಿರುವ ಒಂದು ಸಣ್ಣ ಟ್ರಸ್ಟು ತನ್ನ ಉತ್ಸವಗಳ ಛಾಯಾಚಿತ್ರಗಳನ್ನೂ ಪ್ರವಚನಗಳ ಸಾರಾಂಶವನ್ನೂ ಹಲವು ವರ್ಷ ಒಂದು ದೊಡ್ಡ ಕಂಪನಿಯ ಜಾಲತಾಣದಲ್ಲಿ ಇರಿಸಿಕೊಂಡು ಬಂದಿತ್ತು. ಒಂದು ದಿನ ಆ ಪುಟಕ್ಕೆ ಬೀಗ ಬಿದ್ದಿತು. ಕಾರಣ ತಿಳಿಸಲಿಲ್ಲ, ಬರೆದ ಪತ್ರಗಳಿಗೆ ಯಂತ್ರದ ಉತ್ತರವಲ್ಲದೆ ಮನುಷ್ಯನ ಉತ್ತರ ಬರಲಿಲ್ಲ. ಬಾಡಿಗೆಯ ಕರಾರೂ ಇಲ್ಲದ ಮನೆಯಲ್ಲಿ ಭಂಡಾರವನ್ನು ಇರಿಸಿದಂತೆ ಆಗಿತ್ತು ನಮ್ಮ ಸ್ಥಿತಿ. 2022ರ ಅಕ್ಟೋಬರಿನಲ್ಲಿ ಇಲಾನ್ ಮಸ್ಕ್ ಅವರು ಟ್ವಿಟರನ್ನು ಸುಮಾರು 4,400 ಕೋಟಿ ಡಾಲರಿಗೆ ಕೊಂಡಾಗ, ಅಲ್ಲಿ ಬರೆಯುತ್ತಿದ್ದ ಕೋಟ್ಯಂತರ ಜನರನ್ನು ಯಾರೂ ಕೇಳಲಿಲ್ಲ. 2023ರ ಜುಲೈಯಲ್ಲಿ ಅದರ ಹೆಸರೂ ಬದಲಾಯಿತು. ಒಡೆತನ ಒಬ್ಬನ ಕೈಯಲ್ಲಿದ್ದ ಮೇಲೆ ಇದು ಸಹಜವೇ.

ಹೀಗಿರುವಾಗ ನನ್ನ ಸೋದರಳಿಯ ಮ್ಯಾಸ್ಟೊಡಾನಿನ ಹೆಸರನ್ನು ಹೇಳಿದ. ಜರ್ಮನಿಯ ಯುಜೆನ್ ರಾಚ್ಕೊ ಎಂಬ ತರುಣರು 2016ರಲ್ಲಿ ಹೊರತಂದ ತಂತ್ರಾಂಶ ಇದು. ಯಾರು ಬೇಕಾದರೂ ಇದನ್ನು ಉಚಿತವಾಗಿ ಪಡೆದು ತಮ್ಮದೇ ಸರ್ವರನ್ನು ನಡೆಸಬಹುದು. ಒಂದೊಂದು ಸರ್ವರಿಗೂ ಅದರದೇ ನಿಯಮ, ಅದರದೇ ಆಡಳಿತ. ಆದರೂ ಒಂದರಲ್ಲಿರುವವರು ಇನ್ನೊಂದರಲ್ಲಿರುವವರ ಬರಹವನ್ನು ಓದಬಹುದು, ಉತ್ತರಿಸಬಹುದು. ಈ ವ್ಯವಹಾರಕ್ಕೆ ಬೇಕಾದ ಸಮಾನ ನಿಯಮಾವಳಿಯ ಹೆಸರು ಆಕ್ಟಿವಿಟಿಪಬ್. ಅಂತರ್ಜಾಲದ ಮಾನದಂಡಗಳನ್ನು ರೂಪಿಸುವ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ 2018ರ ಜನವರಿಯಲ್ಲಿ ಅದನ್ನು ಅಂಗೀಕರಿಸಿತು.

ನಮ್ಮ ಹಿರಿಯರ ಹುಂಡಿಯನ್ನು ನೆನೆದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಒಂದು ಊರಿನ ಸಾಹುಕಾರ ಬರೆದ ದರ್ಶನಿ ಹುಂಡಿಯನ್ನು ದೂರದ ಊರಿನ ಪೇಢಿ ನೋಡಿದೊಡನೆ ಮಾನ್ಯಮಾಡುತ್ತಿತ್ತು. ಇಬ್ಬರ ಮೇಲೂ ಒಬ್ಬ ಒಡೆಯನಿರಲಿಲ್ಲ. ಇದ್ದುದು ಒಪ್ಪಿತವಾದ ಬರವಣಿಗೆಯ ಕ್ರಮ ಮತ್ತು ಪರಸ್ಪರ ವಿಶ್ವಾಸ.

ಪ್ರವೇಶಿಸುವವರು ಮೊದಲು ಸರ್ವರನ್ನು ಆರಿಸಬೇಕು. ಇಲ್ಲಿಯೇ ಅನೇಕರು ಬೇಸತ್ತು ಹಿಂತಿರುಗುತ್ತಾರೆ. “ಮಾಮಾ, ಮೊದಲ ಮನಿ ಆರಿಸ್ರಿ, ಊರು ಆಮ್ಯಾಲೆ ತಾನs ಕಾಣತೈತಿ” ಎಂದು ಅಳಿಯ ಹೇಳಿದ. ನಾನು ಪಾಲುದಾರನನ್ನು ಪರೀಕ್ಷಿಸುವಂತೆ ಪರೀಕ್ಷಿಸಿದೆ. ನಡೆಸುವವರು ಯಾರು, ನಿಯಮಗಳೇನು, ಖರ್ಚನ್ನು ಹೊರುವವರು ಯಾರು ಎಂಬ ಮೂರು ಸಂಗತಿಗಳನ್ನು ಸರ್ವರಿನ ಪರಿಚಯ ಪುಟದಲ್ಲಿ ನೋಡಿದೆ. ಮ್ಯಾಸ್ಟೊಡಾನಿನ ಅಧಿಕೃತ ತಾಣದ ಪಟ್ಟಿಯಲ್ಲಿ ಸೇರಬಯಸುವ ಸರ್ವರುಗಳು ದಿನವೂ ನಕಲು ತೆಗೆದಿರಿಸಬೇಕು. ತುರ್ತಿನಲ್ಲಿ ಕೈಹಾಕಬಲ್ಲ ಇನ್ನೊಬ್ಬರನ್ನಾದರೂ ಹೊಂದಿರಬೇಕು. ಮುಚ್ಚುವುದಾದರೆ ಮೂರು ತಿಂಗಳು ಮೊದಲು ತಿಳಿಸಬೇಕು. ಈ ಕೊನೆಯ ಕರಾರು ಮುಖ್ಯವಾದುದು. ಬೇರೆ ಸರ್ವರಿಗೆ ಹೋಗುವಾಗ ನಮ್ಮನ್ನು ಅನುಸರಿಸುವವರನ್ನು ಜೊತೆಗೆ ಕರೆದೊಯ್ಯಬಹುದು. ಆದರೆ ಹಳೆಯ ಸರ್ವರು ಜೀವಂತವಾಗಿದ್ದಾಗಲೇ ಈ ಕೆಲಸ ಆಗಬೇಕು. ಹಳೆಯ ಬರಹಗಳಂತೂ ಜೊತೆಗೆ ಬರುವುದಿಲ್ಲ. ಆದುದರಿಂದ ಅವುಗಳ ಪ್ರತಿಯನ್ನು ಕಾಲಕಾಲಕ್ಕೆ ಇಳಿಸಿಕೊಳ್ಳುವುದು ಕಿರ್ದಿ ಬರೆದಷ್ಟೇ ಅವಶ್ಯ.

ಒಳಗೆ ಹೋದ ಮೇಲೆ ಮೊದಲಿಗೆ ಮೌನವೇ ಕಾಣುತ್ತದೆ. ನಾವು ಯಾರನ್ನು ಅನುಸರಿಸುತ್ತೇವೆಯೋ ಅವರ ಮಾತು ಮಾತ್ರ, ಅದೂ ಕಾಲಾನುಕ್ರಮದಲ್ಲಿ, ನಮ್ಮ ಮುಂದೆ ಬರುತ್ತದೆ. ನಮ್ಮ ಸಿಟ್ಟನ್ನು ಅಳೆದು, ಅದನ್ನು ಹೆಚ್ಚಿಸುವ ಬರಹವನ್ನು ಮೇಲಕ್ಕೆ ತರುವ ಲೆಕ್ಕಾಚಾರ ಅಲ್ಲಿಲ್ಲ. ಜಾಹೀರಾತಿಲ್ಲದ ಕಾರಣ ಅದರ ಪ್ರಯೋಜನವೂ ಇಲ್ಲ. ಒಂದು ಪರಿಚಯದ ಬರಹ ಬರೆದು, ವಿಷಯಸೂಚಕ ಪದಗಳನ್ನು ಜೋಡಿಸಿದರೆ ಸಮಾನಾಸಕ್ತರು ನಿಧಾನವಾಗಿ ದೊರೆಯುತ್ತಾರೆ. ಕನ್ನಡಿಗರು ಅಲ್ಲಿ ಇನ್ನೂ ವಿರಳ. ನನ್ನ ಬರಹವನ್ನು ಓದುವವರು ನಮ್ಮ ಅಂಗಡಿಯ ಮಧ್ಯಾಹ್ನದ ಗಿರಾಕಿಗಳಷ್ಟೂ ಇಲ್ಲ. ಆದರೆ ಓದಿದವರು ಉತ್ತರಿಸುತ್ತಾರೆ.

ಅಲ್ಲಿಯ ಕೆಲವು ರೂಢಿಗಳು ನಮ್ಮ ಭಾಷಾಸಮಿತಿಯನ್ನು ನೆನಪಿಸುತ್ತವೆ. ಓದುವವರಿಗೆ ನೋವಾಗಬಹುದಾದ ವಿಷಯವನ್ನು ಎಚ್ಚರಿಕೆಯ ಸಾಲಿನ ಹಿಂದೆ ಮುಚ್ಚಿಡುವ ಅನುಕೂಲವಿದೆ. ಚಿತ್ರ ಹಾಕುವಾಗ ದೃಷ್ಟಿಹೀನರಿಗಾಗಿ ಅದರ ವಿವರಣೆಯನ್ನು ಬರೆಯುವುದನ್ನು ಸಜ್ಜನಿಕೆಯೆಂದು ಎಣಿಸುತ್ತಾರೆ. ಬರಹವನ್ನು ತಿದ್ದಿದರೆ ಹಿಂದಿನ ರೂಪವೂ ಕಾಣುತ್ತದೆ. ಅಳಿಸಿದರೆ ಅಳಿಸಿರೆಂಬ ಸೂಚನೆ ಇತರ ಸರ್ವರುಗಳಿಗೆ ಹೋಗುತ್ತದೆ. ಆದರೆ ಎಲ್ಲವೂ ಅದನ್ನು ಪಾಲಿಸುತ್ತವೆಯೆಂಬ ಭರವಸೆಯಿಲ್ಲ. ಖಾಸಗಿ ಎನ್ನುವ ಪತ್ರಗಳನ್ನೂ ಸರ್ವರು ನಡೆಸುವವರು ಓದಲು ಶಕ್ಯವಿದೆ. ಆದುದರಿಂದ ಮನೆಯ ಗುಟ್ಟು, ಹಣದ ವ್ಯವಹಾರ ಅಲ್ಲಿ ಸಲ್ಲದು.

ಒಡೆಯನಿಲ್ಲದ ಊರಿನಲ್ಲಿ ದುಷ್ಟರು ಬಂದರೆ ಏನು ಗತಿ? 2019ರಲ್ಲಿ, ದ್ವೇಷದ ಮಾತಿಗೆ ಕುಖ್ಯಾತವಾದ ಗ್ಯಾಬ್ ಎಂಬ ಅಮೆರಿಕದ ತಾಣ ಇದೇ ತಂತ್ರಾಂಶವನ್ನು ಬಳಸತೊಡಗಿತು. ತಂತ್ರಾಂಶ ಎಲ್ಲರದಾದುದರಿಂದ ಅದನ್ನು ತಡೆಯಲಾಗಲಿಲ್ಲ. ಆದರೆ ಅನೇಕ ಸರ್ವರುಗಳು ಅದರೊಡನೆ ಸಂಬಂಧವನ್ನು ಕಡಿದುಕೊಂಡವು. ಆ ತಾಣ ತನ್ನ ಪಾಡಿಗೆ ಇತ್ತು. ಅದರ ಮಾತು ಈ ಮನೆಗಳಿಗೆ ಬರುವುದು ನಿಂತಿತು. ಇದು ಅನೇಕಾಂತಕ್ಕೆ ವಿರುದ್ಧವಲ್ಲವೇ ಎಂದು ಮಿತ್ರರೊಬ್ಬರು ಕೇಳಿದರು. ಪರರ ಪಕ್ಷವನ್ನು ಆಲಿಸುವುದು ಬೇರೆ, ಪರರನ್ನು ನಿಂದಿಸುವವನಿಗೆ ಜಗುಲಿ ಕೊಡುವುದು ಬೇರೆ ಎಂಬುದು ನನ್ನ ಅಭಿಪ್ರಾಯ. ಆದರೆ ಈ ಅಧಿಕಾರ ಸರ್ವರು ನಡೆಸುವವರ ಕೈಯಲ್ಲಿದೆ. ಅವರು ಅವಸರದಿಂದ ಬಾಗಿಲು ಮುಚ್ಚಿದರೆ ಒಳಗಿನ ಸದಸ್ಯರ ಸ್ನೇಹಗಳೂ ಕಡಿಯುತ್ತವೆ. ಸಂಯಮವಿಲ್ಲದ ಆಡಳಿತ ಎಲ್ಲಿದ್ದರೂ ದೋಷವೇ.

ನಮ್ಮ ಟ್ರಸ್ಟಿನ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬಂದಾಗ, “ಜನರೆಲ್ಲ ದೊಡ್ಡ ತಾಣಗಳಲ್ಲಿರುವಾಗ ಬರಿದಾದ ಮನೆಗೆ ಏಕೆ ಹೋಗಬೇಕು?” ಎಂದರು ಕೆಲವರು. ಅದು ನ್ಯಾಯವಾದ ಆಕ್ಷೇಪಣೆ. ಕೊನೆಗೆ, ಪ್ರಕಟಣೆಗಳು ಎರಡೂ ಕಡೆ ಇರಲಿ, ಮೂಲಪ್ರತಿ ಮಾತ್ರ ನಮ್ಮ ಸ್ವಂತ ಭಂಡಾರದಲ್ಲಿ ಇರಲಿ ಎಂದು ನಿರ್ಧರಿಸಿದೆವು. ಸ್ವಂತ ಸರ್ವರಿನ ಮಾತನ್ನು ಮುಂದೂಡಿದ್ದೇವೆ. ಅದನ್ನು ನೋಡಿಕೊಳ್ಳಲು ಹಣಕ್ಕಿಂತ ಹೆಚ್ಚಾಗಿ ನಿತ್ಯದ ಶ್ರದ್ಧೆಯುಳ್ಳ ಇಬ್ಬರು ತರುಣರು ಬೇಕು. ಅವರು ದೊರೆಯದೆ ಆರಂಭಿಸುವುದು ಪೂಜಾರಿಯಿಲ್ಲದೆ ಬಸದಿ ಕಟ್ಟಿದಂತೆ.

ನಾನು ಇರುವ ಸರ್ವರನ್ನು ಸ್ವಯಂಸೇವಕರು ನಡೆಸುತ್ತಾರೆ. ಯಂತ್ರದ ಬಾಡಿಗೆ ಸದಸ್ಯರ ಕೊಡುಗೆಯಿಂದ ಸಲ್ಲುತ್ತದೆ. ಅವರು ಯಾರನ್ನೂ ಕೇಳುವುದಿಲ್ಲ. ಲೆಕ್ಕವನ್ನು ಮಾತ್ರ ಪ್ರಕಟಿಸುತ್ತಾರೆ. ತಿಂಗಳಿಗೊಮ್ಮೆ ಅಲ್ಪ ಮೊತ್ತ ಕಳುಹಿಸುವುದು ನನಗೆ ಋಣಸಂದಾಯವಾಗಿದೆ. ಉಚಿತವೆಂದು ಕಾಣುವ ಪ್ರತಿಯೊಂದರ ಬೆಲೆಯನ್ನೂ ಯಾರೋ ಒಬ್ಬರು ತೆರುತ್ತಿರುತ್ತಾರೆ. ಅದು ಯಾರೆಂದು ವಿಚಾರಿಸಿ, ನಮ್ಮ ಪಾಲನ್ನು ಸಲ್ಲಿಸಿ, ಬಳಿಕ ಮಾತನಾಡುವುದು ಶ್ರಾವಕನಿಗೆ ಒಪ್ಪುವ ನಡತೆ. ಧರ್ಮಬಂಧುಗಳು ಯಾವ ತಾಣವನ್ನೇ ಆರಿಸಲಿ, ಈ ವಿಚಾರಣೆಯನ್ನು ಮೊದಲು ಮಾಡಲೆಂದು ವಿನಂತಿಸುತ್ತೇನೆ.