ಕಾರ್ಪೆಟ್ಟಿನ ಕೆಳಗಿನ ನೀರು

ನಮ್ಮ ಸಂಚಿಕೆಯ ಸಂಪಾದಕರು ನನ್ನಿಂದ ಬಯಸಿದ್ದು ‘ನನ್ನ ಮೆಚ್ಚಿನ ಕವಿ’ ಎಂಬ ಪ್ರಬಂಧವನ್ನು. ಕವಿಗಳನ್ನು ಕುರಿತು ಬರೆಯಬಲ್ಲ ಮಿತ್ರರು ನಮ್ಮ ಅಂತಿಮ ಬಿ.ಎ. ತರಗತಿಯಲ್ಲಿ ಹತ್ತಾರು ಮಂದಿ ಇದ್ದಾರೆ. ಆದರೆ ಹಳೆಯ ಮೋಟಾರಿನ ಬಾಗಿಲಿಗೆ ರಬ್ಬರು ಕೂರಿಸಬಲ್ಲವನು ಬಹುಶಃ ನಾನೊಬ್ಬನೇ. ಈ ಬೇಸಗೆಯ ಐದು ಭಾನುವಾರಗಳು ಯಾವ ಕವಿಯೂ ಕೊಡದಷ್ಟು ಚಿಂತೆಯನ್ನು ನನಗೆ ಕೊಟ್ಟವು. ಬರೆಯುವುದಾದರೆ ಅದನ್ನೇ ಬರೆಯಬೇಕಾಗಿದೆ, ಸಂಪಾದಕರು ಮನ್ನಿಸಬೇಕು.

ನಮ್ಮದು ಹೊಳೆನರಸೀಪುರ. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟ ನಮ್ಮ ತಂದೆಯವರು ಬಾಳಿನ ಬಹುಭಾಗವನ್ನು ಒಂದು ಬಿಳಿಯ ಅಂಬಾಸಿಡರಿನ ಚಕ್ರ ಹಿಡಿದು ಕಳೆದವರು. ಬಾಡಿಗೆಗೆ ಓಡಿಸಿದರು. 2006ರಲ್ಲಿ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕಕ್ಕೆ ಹಾಸನದಿಂದ ಚನ್ನರಾಯಪಟ್ಟಣದ ಮೇಲೆ ಯಾತ್ರಿಕರನ್ನು ಹೊತ್ತು ಹಗಲಿರುಳು ತಿರುಗಿದ್ದು ಇದೇ ಗಾಡಿ. ಹನ್ನೆರಡು ವರ್ಷ ಕಳೆದು 2018ರಲ್ಲಿ ಮತ್ತೆ ಅಭಿಷೇಕವಾದಾಗಲೂ ಇದೇ ಗಾಡಿ. ದೀಪಾವಳಿಯ ಸುಮಾರಿಗೆ ಹಾಸನಾಂಬೆಯ ಬಾಗಿಲು ತೆರೆದರೆ ನಮ್ಮ ಮನೆಯ ಒಲೆಯೂ ಚೆನ್ನಾಗಿ ಉರಿಯುತ್ತಿತ್ತು. ಅರಕಲಗೂಡಿನ ಕಡೆಯ ಮದುವೆ ದಿಬ್ಬಣಗಳು, ರಾಮನಾಥಪುರದ ಹರಾಜಿಗೆ ಹೋಗುವ ಹೊಗೆಸೊಪ್ಪಿನ ರೈತರು, ಹೆರಿಗೆಗೆ ಹೊರಟ ಹೆಂಗಸರು ಎಲ್ಲರೂ ಆ ಹಿಂದಿನ ಸೀಟಿನಲ್ಲಿ ಕುಳಿತವರೇ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆ ಮೆಟ್ಟಿಲವರೆಗೆ ನನ್ನನ್ನು ತಂದು ಇಳಿಸಿದ್ದು ಆ ಬಾಡಿಗೆಯ ಹಣ.

2018ರ ಅಭಿಷೇಕ ಮುಗಿದ ಮೇಲೆ ಅಪ್ಪನ ಕಣ್ಣು ಮಂದವಾಯಿತು. ರಾತ್ರಿಯ ಬಾಡಿಗೆ ನಿಂತಿತು. ಹಳದಿ ಬೋರ್ಡನ್ನು ಬಿಳಿಯದಾಗಿ ಬದಲಾಯಿಸಿ ಗಾಡಿಯನ್ನು ಸ್ವಂತಕ್ಕೆ ಉಳಿಸಿಕೊಂಡೆವು. ಸ್ವಂತ ಗಾಡಿಯ ನೋಂದಣಿ 15 ವರ್ಷದ ಮೇಲೆ ತನ್ನಷ್ಟಕ್ಕೆ ನಡೆಯುವುದಿಲ್ಲವಷ್ಟೆ. ಪ್ರತಿ 5 ವರ್ಷಕ್ಕೊಮ್ಮೆ ತಪಾಸಣೆಗೆ ಒಪ್ಪಿಸಿ ಹೊಸದು ಮಾಡಿಸಬೇಕು. ನೋಂದಣಿಯಾಗಿ 50 ವರ್ಷ ದಾಟಿದ ಗಾಡಿಗಳಿಗೆ ‘ವಿಂಟೇಜ್’ ಎಂಬ ಬೇರೆಯದೇ ಗೌರವವನ್ನು 2021ರಲ್ಲಿ ನಿಯಮ ಮಾಡಿ ಕೊಟ್ಟಿದ್ದಾರೆ. ನಮ್ಮದು ಹೊಸದೂ ಅಲ್ಲ, ಆ ಗೌರವಕ್ಕೆ ತಕ್ಕಷ್ಟು ಮುದಿಯೂ ಅಲ್ಲ. ನಡುವಯಸ್ಸಿನ ಬಡವನಂತೆ ಅದಕ್ಕೆ ಯಾವ ಕಡೆಯಿಂದಲೂ ರಿಯಾಯಿತಿ ಇಲ್ಲ.

ಈ ವರ್ಷ ನಮ್ಮ ಗಾಡಿಗೆ ಆ ತಪಾಸಣೆಯ ಸರದಿ. ಅದೇ ಸಮಯಕ್ಕೆ ನನ್ನ ಬಿ.ಎಡ್. ಪ್ರವೇಶದ ಹಣವನ್ನೂ ಹೊಂದಿಸಬೇಕಾಗಿತ್ತು. ಗುಜರಿಯವನು ಒಂದು ಸಂಜೆ ಬಂದು ಗಾಡಿಯನ್ನು ಸುತ್ತಿ ನೋಡಿ ತೂಕದ ಲೆಕ್ಕದಲ್ಲಿ ಬೆಲೆ ಹೇಳಿ ಹೋದ. ಆ ಬೆಲೆಗೂ ನನ್ನ ಶುಲ್ಕಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ.

“ನೆಲದ ತಗಡು ತಿಂದೋಗದೆ ಕಣ್ಲಾ, ಪಾಸಾಗಾಕಿಲ್ಲ. ಕೊಟ್ಬುಟ್ಟು ದುಡ್ನ ನಿನ್ ಓದಿಗೆ ಕಟ್ಬುಡಾನ” ಎಂದರು ಅಪ್ಪ. ಹೇಳುವಾಗ ನನ್ನ ಮುಖ ನೋಡಲಿಲ್ಲ.

“ಒಂದ್ಸಲ ಕಾರ್ಪೆಟ್ ಎತ್ತಿ ನೋಡಾನ ಅಪ್ಪ. ಆಮೇಲೆ ನೀನು ಹೇಳ್ದಂಗೆ” ಎಂದೆ.

ಹಾಗೆ ಹೇಳುವುದಕ್ಕೆ ನನಗೆ ಅಲ್ಪಸ್ವಲ್ಪ ಅಧಿಕಾರವಿತ್ತು. ಹಾಸನದ ಬಿ.ಎಂ. ರಸ್ತೆಯ ಕಡೆ ನನ್ನ ಸೋದರಮಾವನವರದು ಒಂದು ಸಣ್ಣ ಕುಷನ್ ಅಂಗಡಿ. ಪಿ.ಯು.ಸಿ. ದಿನಗಳಿಂದಲೂ ಭಾನುವಾರಗಳಂದು ನಾನು ಅಲ್ಲಿ ಕೈಯಾಳು. ಸೀಟಿನ ಕವರು ಹೊಲಿಯುವುದು, ನೆಲಕ್ಕೆ ಹಾಸು ಕತ್ತರಿಸುವುದು, ಬಾಗಿಲಿಗೆ ರಬ್ಬರು ಕೂರಿಸುವುದು ಅಲ್ಲಿಯ ಕೆಲಸ. ರಬ್ಬರಿಗೆ ಅಂಗಡಿಯ ಭಾಷೆಯಲ್ಲಿ ‘ಬೀಡಿಂಗ್’ ಎನ್ನುತ್ತಾರೆ. ಅಲ್ಲಿಗೆ ಬರುವ ಗಿರಾಕಿಗಳಲ್ಲಿ ಹೆಚ್ಚಿನವರು ಕೇಳುವುದು ಕಾರ್ಪೆಟ್ಟನ್ನು; ಕಣ್ಣಿಗೆ ಕಾಣುವುದು ಅದೇ. ಬೀಡಿಂಗ್ ಕೇಳುವವರು ಕಡಿಮೆ. ಆದರೆ ಕಾರ್ಪೆಟ್ಟು ಹಾಳಾಗುವುದೇ ಬೀಡಿಂಗ್ ಹಾಳಾದುದರಿಂದ. ಕೆಲವು ವರ್ಷಗಳ ಹಿಂದೆ ಬೇರೊಂದು ಊರಿನ ಅಂಗಡಿಯವರು ನಮ್ಮ ಗಾಡಿಗೆ ಹೊಸ ಕಾರ್ಪೆಟ್ಟನ್ನು, ಕೆಳಗಿದ್ದ ಒದ್ದೆ ಫೆಲ್ಟನ್ನು ತೆಗೆಯದೆ, ಅದರ ಮೇಲೆಯೇ ಹಾಸಿ ಕಳುಹಿಸಿದ್ದರು. ಒಂದು ತಿಂಗಳು ಬಹಳ ಸೊಗಸಾಗಿತ್ತು.

ಮೊದಲ ಭಾನುವಾರ ಸೀಟುಗಳ ಬೋಲ್ಟು ಬಿಚ್ಚಿ ಹೊರಗಿಟ್ಟು, ಬಾಗಿಲ ಹೊಸಿಲಿನ ಪಟ್ಟಿಗಳನ್ನು ಕಳಚಿ, ಹಳೆಯ ಹಾಸನ್ನು ಎತ್ತಿದೆವು. ಆ ವಾಸನೆಯನ್ನು ವರ್ಣಿಸಲಾರೆ. ಕೆಳಗಿದ್ದ ಸೆಣಬಿನ ಫೆಲ್ಟು ಹಿಂಡಿದರೆ ನೀರು ಸುರಿಯುವಂತಿತ್ತು. ಅದರ ಅಡಿಯಲ್ಲಿ ನಮ್ಮ ತಂದೆಯವರ ಚರಿತ್ರೆಯೆಲ್ಲ ಹರಡಿ ಬಿದ್ದಿತ್ತು: ನಾಲ್ಕಾಣೆಯ ಎರಡು ನಾಣ್ಯಗಳು, ಒಂದು ತಲೆಪಿನ್ನು, ಬಣ್ಣ ಬಿಟ್ಟ ಅಕ್ಷತೆಯ ಕಾಳುಗಳು, ಹೊಗೆಸೊಪ್ಪಿನ ಪುಡಿ, ಯಾವುದೋ ಮಗುವಿನ ಕಾಲ್ಗೆಜ್ಜೆಯ ಒಂದು ಮಣಿ. ಅಪ್ಪ ಆ ಮಣಿಯನ್ನು ಬಹಳ ಹೊತ್ತು ಅಂಗೈಯಲ್ಲಿಟ್ಟುಕೊಂಡು ನೋಡಿದರು. ಯಾರದೆಂದು ನೆನಪಾಗಲಿಲ್ಲ, ಆದರೂ ಜೇಬಿಗೆ ಹಾಕಿಕೊಂಡರು.

ಇಲ್ಲಿ ಒಂದು ವಿಷಯವನ್ನು ತಿಳಿಸಬೇಕು. ಜೀಪಿಗೆ ಕೆಳಗೆ ಬೇರೆಯಾದ ಚಾಸಿ ಇದೆ. ಮೇಲಿನ ತಗಡು ಕೊಳೆತರೂ ಚಾಸಿ ಭಾರ ಹೊರುತ್ತದೆ. ಅಂಬಾಸಿಡರ್ ಹಾಗಲ್ಲ. ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಗಾಡಿಯ ಮೂರನೆಯ ಮಾದರಿಯನ್ನು ಅನುಸರಿಸಿ, ಬಂಗಾಳದ ಉತ್ತರಪಾಡಾದಲ್ಲಿ ಹಿಂದೂಸ್ತಾನ್ ಮೋಟಾರ್ಸ್‌ನವರು 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಿಸಿದ ಈ ಗಾಡಿಯಲ್ಲಿ ಮೈಯೇ ಎಲುಬು. ನೆಲದ ತಗಡು, ಎರಡು ಪಕ್ಕದ ಹೊಸಿಲು, ಅಡಿಯ ಪೆಟ್ಟಿಗೆಯಂಥ ತೊಲೆಗಳು ಎಲ್ಲವೂ ಒಂದಕ್ಕೊಂದು ಬೆಸೆದುಕೊಂಡು ಗಾಡಿಯನ್ನು ಎತ್ತಿ ಹಿಡಿದಿರುತ್ತವೆ. ನೆಲದಲ್ಲಿ ತೂತಾದರೆ ತೇಪೆ ಹಾಕಬಹುದು. ಹೊಸಿಲು ಕೊಳೆತರೆ ಗುಜರಿಯವನ ಮಾತೇ ಸರಿ.

ಚಾಲಕನ ಕಾಲಡಿಯಲ್ಲಿ ಅಂಗೈ ಅಗಲದ ತೂತು ಬಿದ್ದು ಕೆಳಗಿನ ಮಣ್ಣು ಕಾಣುತ್ತಿತ್ತು. ಮಾವ ಅದರ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಒಂದು ಸಣ್ಣ ಸುತ್ತಿಗೆ ಹಿಡಿದು ಮಂಡಿಯೂರಿ ಹೊಸಿಲನ್ನು ಗೇಣಿಗೊಮ್ಮೆ ತಟ್ಟುತ್ತ ಹೋದರು. ಗಟ್ಟಿ ತಗಡು ‘ಟಣ್’ ಎನ್ನುತ್ತದೆ; ಒಳಗೆ ತುಕ್ಕು ತಿಂದದ್ದು ಒಡೆದ ಮಡಕೆಯ ಹಾಗೆ ‘ದೊಬ್’ ಎನ್ನುತ್ತದೆ. ಅನುಮಾನ ಬಂದ ಕಡೆ ಸ್ಕ್ರೂಡ್ರೈವರಿನ ಮೊನೆಯಿಂದ ಬಲವಾಗಿ ಒತ್ತಿದರು. ಅಪ್ಪ ಅಂಗಡಿಯ ಹೊರಗೆ ನಿಂತು ರಸ್ತೆಯ ಬಸ್ಸುಗಳನ್ನು ನೋಡುತ್ತಿದ್ದರು. ಕಿವಿ ಮಾತ್ರ ಒಳಗಿತ್ತು. ನನಗೆ ಪರೀಕ್ಷೆಯ ಫಲಿತಾಂಶಕ್ಕಾಗಿ ಕಾಯುವಾಗಲೂ ಎದೆ ಹಾಗೆ ಬಡಿದುಕೊಂಡಿರಲಿಲ್ಲ. ಎಡಗಡೆಯ ಹೊಸಿಲು ಉದ್ದಕ್ಕೂ ಟಣ್ ಎಂದಿತು. ಬಲಗಡೆ ಒಂದು ಕಡೆ ದನಿ ಸ್ವಲ್ಪ ಮಂಕಾಯಿತು, ಮೊನೆ ಇಳಿಯಲಿಲ್ಲ.

“ಹೊಸ್ಲು ಗಟ್ಟಿಯಾಗದೆ ಭಾವ. ಮನೆ ನಿಂತ್ಕತದೆ” ಎಂದರು ಮಾವ.

ಅಪ್ಪ ಒಳಗೆ ಬಂದು ಏನೂ ಹೇಳದೆ ತಾವೇ ತಂತಿ ಬ್ರಷ್ಷು ತೆಗೆದುಕೊಂಡು ನೆಲದ ತುಕ್ಕು ಉಜ್ಜಲು ಕುಳಿತರು.

ಎರಡನೆಯ ವಾರದ ಕೆಲಸವನ್ನು ಚುಟುಕಾಗಿ ಮುಗಿಸುತ್ತೇನೆ: ಟಿಂಕರ್ ಬಂದು ತೂತಿಗೆ ತಗಡು ಬೆಸೆದ, ಎರಡು ಸಲ ರೆಡ್ ಆಕ್ಸೈಡ್, ಮೇಲೆ ಬಣ್ಣ. ಒಣಗಲು ಬಿಟ್ಟೆವು.

ಇನ್ನು ಬೀಡಿಂಗ್. ಹಳೆಯ ರಬ್ಬರು ಮಳೆಬಿಸಿಲಿಗೆ ಒಣಗಿ, ಮೂಲೆಗಳಲ್ಲಿ ಬಿರಿದು, ಕರ್ರಗಿನ ಮಿಠಾಯಿಯಂತೆ ಮುರಿದು ಬರುತ್ತಿತ್ತು. ಅಂಟಿಕೊಂಡಿದ್ದ ಹಳೆಯ ಸಲ್ಯೂಷನ್ನನ್ನು ಥಿನ್ನರಿನಿಂದ ಒರೆಸಿ ತಗಡಿನ ಅಂಚನ್ನು ಶುದ್ಧಮಾಡಿದೆವು. ಸೀಮೆಎಣ್ಣೆ ಕೂಡದು; ಅದರ ಜಿಡ್ಡು ಉಳಿದರೆ ಹೊಸ ಅಂಟು ಹಿಡಿಯುವುದಿಲ್ಲ. ದಾರ ಹಿಡಿದು ಅಳೆದಾಗ ನಾಲ್ಕು ಬಾಗಿಲಿಗೂ ಸೇರಿ 14 ಮೀಟರು ಬೇಕಾಯಿತು. ನಾವು ತಂದದ್ದು ಅಂಚನ್ನು ಕಚ್ಚಿ ಹಿಡಿಯುವ ಜಾತಿಯದು: ಒಳಗೆ ತಂತಿಯ ಹಲ್ಲು, ಮೇಲೆ ಟೊಳ್ಳಾದ ಮೆತ್ತನೆಯ ಕೊಳವೆ. ಕೂರಿಸುವಾಗ ಎಳೆಯಕೂಡದು. ಎಳೆದು ಕೂರಿಸಿದರೆ ಆ ದಿನ ಅಂದವಾಗಿ ಕಾಣುತ್ತದೆ; ನಾಲ್ಕು ದಿನಕ್ಕೆ ರಬ್ಬರು ತನ್ನ ಉದ್ದಕ್ಕೆ ತಾನು ಕುಗ್ಗಿ ಮೂಲೆಯಲ್ಲಿ ಬಾಯಿ ಬಿಡುತ್ತದೆ. ಬದಲಾಗಿ ತುಸು ಹಿಂದಕ್ಕೆ ಒತ್ತಿ ಒತ್ತಿ ತುಂಬಿಸಬೇಕು, ಮೂಲೆಯಲ್ಲಿ ಇನ್ನೂ ಧಾರಾಳವಾಗಿ. ಎರಡು ತುದಿ ಕೂಡುವ ಜಾಗವನ್ನು ಮೇಲೆ ಇಡದೆ ಕೆಳಗೆ, ಹೊಸಿಲಿನ ಮೇಲೆ ಇಡಬೇಕು. ಇಳಿಯುವ ನೀರಿಗೆ ಸಂದು ಸಿಕ್ಕಬಾರದು.

ನನಗೆ ತೀರ ಹೊಸದಾಗಿ ಕಂಡದ್ದು ಬಾಗಿಲಿನ ಹೊಟ್ಟೆಯ ವಿಚಾರ. ಗಾಜು ಏರಿಳಿಯುವ ಸೀಳಿನಿಂದ ಮಳೆನೀರು ಬಾಗಿಲಿನೊಳಕ್ಕೆ ಇಳಿದೇ ಇಳಿಯುತ್ತದೆ. ಯಾವ ರಬ್ಬರೂ ಅದನ್ನು ಪೂರ್ತಿ ತಡೆಯಲಾರದು. ಅದಕ್ಕೆಂದೇ ಬಾಗಿಲಿನ ತಳದಲ್ಲಿ ಸಣ್ಣ ಕಂಡಿಗಳಿವೆ. ನಮ್ಮ ಗಾಡಿಯಲ್ಲಿ ಆ ಕಂಡಿಗಳು ಇಷ್ಟು ವರ್ಷದ ಧೂಳಿನಿಂದ ಗಟ್ಟಿಯಾಗಿ ಮುಚ್ಚಿಹೋಗಿ, ಬಾಗಿಲುಗಳೇ ನೀರಿನ ತೊಟ್ಟಿಗಳಾಗಿ, ತುಂಬಿದ್ದು ಒಳಕ್ಕೆ ಚೆಲ್ಲುತ್ತಿತ್ತು. ಸೈಕಲ್ಲಿನ ಕಡ್ಡಿಯಿಂದ ಚುಚ್ಚಿದಾಗ ಹಿಂದಿನ ಬಲಬಾಗಿಲಿನಿಂದ ಒಂದು ಚೆಂಬಿನಷ್ಟು ಕೆಸರು ಬಂತು. ಎಂತಹ ಬೆಲೆಯ ಕಾರ್ಪೆಟ್ಟು ಹಾಸಿದ್ದರೂ ಆ ನೀರು ಅದನ್ನು ಬಿಡುತ್ತಿರಲಿಲ್ಲ.

ಕೂರಿಸಿದ ಮೇಲೆ ಪರೀಕ್ಷೆ. ರಬ್ಬರಿಗೆ ಸೀಮೆಸುಣ್ಣ ಸವರಿ ಬಾಗಿಲು ಹಾಕಿ ತೆಗೆದರೆ ಎಲ್ಲಿ ತಾಗಿದೆಯೋ ಅಲ್ಲಿ ಎದುರಿನ ತಗಡಿಗೆ ಬಿಳಿಗೆರೆ ಬೀಳುತ್ತದೆ. ಗೆರೆ ತಪ್ಪಿದ ಕಡೆ ಕಾಗದದ ಚೂರೊಂದನ್ನು ಸಿಕ್ಕಿಸಿ ಎಳೆಯಬೇಕು. ಸರಾಗವಾಗಿ ಬಂದರೆ ಅಲ್ಲಿ ನೀರೂ ಬರುತ್ತದೆ. ಮುಂದಿನ ಬಲಬಾಗಿಲು ಜಗ್ಗಿದ್ದುದರಿಂದ ಮೇಲ್ಮೂಲೆಯಲ್ಲಿ ಕಾಗದ ಬಂತು. ಕೀಲನ್ನು ಎತ್ತಿ ಬಿಗಿದೆವು. ಕಡೆಗೆ ನಾನು ಟಾರ್ಚು ಹಿಡಿದು ಒಳಗೆ ಕುಳಿತೆ, ಹೊರಗಿನಿಂದ ಮಾವ ಕೆಳಗಿನಿಂದ ಮೇಲಕ್ಕೆ ಪೈಪಿನ ನೀರು ಹಾಯಿಸಿದರು. ಬರಿಯ ನೆಲದ ಮೇಲೆ ಒಂದು ಹನಿಯೂ ಬೀಳಲಿಲ್ಲ. ಕಾರ್ಪೆಟ್ಟು ಹಾಸುವ ಮೊದಲೇ ಇದನ್ನು ಮಾಡಬೇಕು. ಹಾಸಿದ ಮೇಲೆ ನೀರು ಎಲ್ಲಿಂದ ಬಂತೆಂದು ಬ್ರಹ್ಮನಿಗೂ ತಿಳಿಯದು.

ಕಾರ್ಪೆಟ್ಟಿನ ಮಾತು ಬಂದಾಗ ಚನ್ನರಾಯಪಟ್ಟಣದ ನಮ್ಮ ದೊಡ್ಡಮ್ಮ ಒಂದು ಸಲಹೆ ಕೊಟ್ಟರು. “ನಮ್ ತಾವ ನಾರಿನ ಚಾಪೆ ಬೇಕಾದಂಗೆ ಸಿಕ್ತದೆ, ಅದ್ನೇ ಹಾಸ್ಕಳಿ. ಕೊಳೆಯಾಕಿಲ್ಲ” ಎಂದರು. ತೆಂಗಿನ ನಾಡಿನವರಿಗೆ ತೆಂಗಿನ ಅಭಿಮಾನ ಸಹಜ. ನಾರು ಬೇಗ ಕೊಳೆಯುವುದಿಲ್ಲ ಎಂಬುದು ನಿಜ. ಆದರೆ ಕೆಳಗಿನ ತಗಡಿನ ಮೇಲೆ ತೇವವನ್ನು ಹಿಡಿದಿಡುತ್ತದೆ. ಆದ್ದರಿಂದ ನೆಲಕ್ಕೆ ಅಂಟಿಸುವುದು ನೈಲಾನ್ ಹಾಸನ್ನೇ ಎಂದೂ, ಕಾಲಿಡುವ ಕಡೆ ಮೇಲೆ ನಾರಿನ ಚಾಪೆ ಹಾಕಿ ಆಗಾಗ ಬಿಸಿಲಿಗೆ ಎತ್ತಿ ಹಾಕುವುದೆಂದೂ ತೀರ್ಮಾನವಾಯಿತು. ದೊಡ್ಡಮ್ಮನಿಗೂ ಸಮಾಧಾನ, ತಗಡಿಗೂ ಸಮಾಧಾನ.

ಹಳೆಯ ತುಂಡುಗಳನ್ನೇ ಅಳತೆಗೆ ಇಟ್ಟು ಹೊಸದನ್ನು ಕತ್ತರಿಸಿದೆವು. ಬಿಸಿಲಿನಲ್ಲಿ ಒಂದು ಗಂಟೆ ಹರಡಿದರೆ ಅದು ಮೆತ್ತಗಾಗಿ ನಡುವಿನ ದಿಬ್ಬಕ್ಕೆ ಬಾಗುತ್ತದೆ. ಮೊದಲು ದಿಬ್ಬ, ಆಮೇಲೆ ಎರಡು ಪಕ್ಕ. ಸೀಟಿನ ಬೋಲ್ಟಿಗೆ ತೂತು ಮಾಡಲು ಬೈರಿಗೆ ಹಾಕಿದರೆ ನೂಲೆಲ್ಲ ಸುತ್ತಿಕೊಂಡು ಕಿತ್ತುಬರುತ್ತದೆ. ಕಾದ ಮೊಳೆಯಿಂದ ಸುಟ್ಟು ತೂತು ಮಾಡಿದರೆ ಅಂಚು ಬೆಸೆದುಕೊಳ್ಳುತ್ತದೆ. ಪೆಡಲುಗಳ ಬಳಿ ಮಾವ ತಾವೇ ಕತ್ತರಿ ಹಿಡಿದರು. ಆಕ್ಸಿಲರೇಟರಿನ ಕೆಳಗೆ ಹಾಸು ಮಡಿಸಿ ಸಿಕ್ಕಿಕೊಂಡರೆ ಏನಾಗುತ್ತದೆಂದು ಬೇರೆ ಹೇಳಬೇಕಾಗಿಲ್ಲ.

ಹೊಸ ರಬ್ಬರಿಗೆ ಬಾಗಿಲು ಮೊದಲ ದಿನಗಳಲ್ಲಿ ಮುನಿಯುತ್ತದೆ. ಎರಡು ಸಲ ಎಳೆದು ಹಾಕಬೇಕು. ಅಪ್ಪ ಅಭ್ಯಾಸದಂತೆ ಒಂದು ಸಲ ತಳ್ಳಿದರು, ಬೀಳಲಿಲ್ಲ. ಎರಡನೆಯ ಸಲ ‘ಧಪ್’ ಎಂದು ಬಿತ್ತು, ಒಳಗೆ ಬಿ.ಎಂ. ರಸ್ತೆಯ ಸದ್ದು ದೂರ ಸರಿಯಿತು. ಅಪ್ಪ ಸ್ವಲ್ಪ ಹೊತ್ತು ಗಾಜು ಏರಿಸಿಕೊಂಡೇ ಕುಳಿತಿದ್ದರು. ಆಮೇಲೆ ಗುಜರಿಯವನಿಗೆ ಫೋನು ಮಾಡಿ, “ಈಗ ಬ್ಯಾಡ ಕಣಪ್ಪ, ಆಮೇಲ್ ನೋಡಾನ” ಎಂದರು. ನನ್ನ ಶುಲ್ಕದ ಮಾತನ್ನು ಮಾವ ಎತ್ತಿದರು: ಇನ್ನು ಮೇಲೆ ನನ್ನ ಭಾನುವಾರಗಳಿಗೆ ಕೂಲಿ ಲೆಕ್ಕ ಹಾಕುತ್ತಾರಂತೆ, ಮುಂಗಡವನ್ನೂ ಕೊಡುತ್ತಾರಂತೆ. ಅಕ್ಕನ ಮಗನಿಂದ ಮುಂದಿನ ಎರಡು ವರ್ಷದ ಭಾನುವಾರಗಳನ್ನು ಬರೆಸಿಕೊಳ್ಳುವ ಉಪಾಯ ಇದೆಂದು ಅಮ್ಮ ನಕ್ಕರು. ನಾನು ಒಪ್ಪಿದ್ದೇನೆ.

ಕಳೆದ ವಾರ ಗೊರೂರಿನ ಮೇಲೆ ಅರಕಲಗೂಡಿಗೆ ಹೋಗಿ ಬರುವಾಗ ವರ್ಷದ ಮೊದಲ ಮಳೆ ಹಿಡಿಯಿತು. ಮನೆಗೆ ಬಂದೊಡನೆ ಕಾರ್ಪೆಟ್ಟಿನ ಅಂಚು ಎತ್ತಿ ಕೈಯಾಡಿಸಿದೆ. ಮೂರು ಕಡೆ ಒಣಗಿತ್ತು. ಹಿಂದಿನ ಎಡಮೂಲೆಯಲ್ಲಿ ಮಾತ್ರ ಬೆರಳಗಲ ತೇವ. ಅದು ಬಾಗಿಲಿನದಲ್ಲ, ಹಿಂದಿನ ಗಾಜಿನ ರಬ್ಬರಿನದು ಎಂಬುದು ಮಾವನ ಅಭಿಪ್ರಾಯ. ತಪಾಸಣೆಗೆ ಇನ್ನೂ ಮೂರು ವಾರವಿದೆ. ಬರುವ ಭಾನುವಾರ ಗಾಜು ಬಿಚ್ಚುತ್ತೇವೆ.