ಮೀಟರ್ 30, ಕಲ್ಲು 35

ನಮ್ಮ ಮನೆಯ ಲಾರಿ ಹಳೇ ಟಾಟಾ 1210. ಅಪ್ಪ ತೀರಿಕೊಂಡ ಮೇಲೆ ಅಣ್ಣ ಓಡಿಸುತ್ತಾನೆ. ನಾವು ಪತ್ರಿಕೆಗೆ ಸುದ್ದಿ ಕಳಿಸುತ್ತೇವೆ. ಅದರಲ್ಲಿ ಬರುವ ದುಡ್ಡು ಬೈಕಿನ ಪೆಟ್ರೋಲಿಗೆ ಸರಿಹೋಗುತ್ತದೆ. ಮನೆ ನಡೆಯುವುದು ಲಾರಿಯಿಂದಲೇ.

ಅಪ್ಪನ ಕಾಲದಲ್ಲಿ ಅದು ಘಟ್ಟದ ಗಾಡಿ. ಕುಮಟಾ ಕಡೆಯಿಂದ ಹೆಂಚು ಹೇರಿಕೊಂಡು, ದೇವಿಮನೆ ಘಟ್ಟ ಹತ್ತಿ, ಶಿರಸಿ ದಾಟಿ ಹಾನಗಲ್ಲಿಗೆ ಬರುತ್ತಿತ್ತು. ಈಗ ಅಣ್ಣನಿಗೆ ಸಿಗುವುದು ಗೋವಿನಜೋಳದ ಬಾಡಿಗೆ. ರಾಣೆಬೆನ್ನೂರು, ಹರಿಹರ, ದಾವಣಗೆರೆ, ಎಲ್ಲ ಸಪಾಟು ಹೆದ್ದಾರಿ. ಅಲ್ಲಿ ಟಾಪ್ ಗೇರಿನಲ್ಲೂ ಇಂಜಿನ್ ಕಿರುಚುತ್ತಿತ್ತು. ಲೀಟರಿಗೆ ನಾಲ್ಕೂವರೆ ಕಿಲೋಮೀಟರ್ ಬಂದರೆ ಹೆಚ್ಚು.

ಸಾಲದ್ದಕ್ಕೆ ಹಿಂದಿನ ಆಕ್ಸಲ್ ಹೌಸಿಂಗ್ ಬಿರುಕು ಬಿಟ್ಟಿತ್ತು. ಎರಡು ಸಲ ವೆಲ್ಡಿಂಗ್ ಮಾಡಿಸಿದರೂ ಆಯಿಲ್ ಸೋರುವುದು ನಿಲ್ಲಲಿಲ್ಲ. ಗ್ಯಾರೇಜಿನ ಮಿಸ್ತ್ರಿ ಚಾಚಾ ಹೇಳಿದರು: "ಹೆಂಗೂ ಹೌಸಿಂಗ್ ಬದಲಿ ಮಾಡೂದೈತಿ. ಕ್ರೌನೂ ಬದಲಿ ಮಾಡ್ರಿ. ಇದು ಘಟ್ಟದ ಹಲ್ಲು, ನೀವು ಓಡ್ಸೋದು ಬೈಲಾಗ."

ಹಲ್ಲಿನ ಲೆಕ್ಕ ಸರಳ. ನಮ್ಮ ಲಾರಿಯಲ್ಲಿ ಪಿನಿಯನ್ನಿಗೆ 6 ಹಲ್ಲು, ಕ್ರೌನಿಗೆ 41. ಅಂದರೆ ಜಾಯಿಂಟ್ ಹತ್ತಿರಹತ್ತಿರ ಏಳು ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಪಿನಿಯನ್ನಿಗೆ 7 ಹಲ್ಲು ಇದ್ದರೆ ಆರು ಸುತ್ತಿಗೂ ಸ್ವಲ್ಪ ಕಡಿಮೆ ಸಾಕು. ಇಂಜಿನ್ ಅಷ್ಟೇ ತಿರುಗಿದರೂ ಗಾಡಿ ಮುಂದೆ ಹೋಗುತ್ತದೆ. ಆದರೆ ಎಳೆಯುವ ತಾಕತ್ತಿನಲ್ಲಿ ಏಳರಲ್ಲಿ ಒಂದು ಪಾಲು ಹೋಗುತ್ತದೆ. ಪುಕ್ಕಟೆ ಯಾವುದೂ ಬರುವುದಿಲ್ಲ.

ಗುಜರಿಯಲ್ಲಿ ಬಿಚ್ಚಿಟ್ಟಿದ್ದ ಅದೇ ಮಾದರಿಯ ಲಾರಿಯ ಪೂರ್ತಿ ಆಕ್ಸಲ್ ಸಿಕ್ಕಿತು. ಕ್ರೌನ್ ಒಂದು ಕಡೆ, ಪಿನಿಯನ್ ಇನ್ನೊಂದು ಕಡೆ ತರಬಾರದಂತೆ. ಅವೆರಡೂ ಜೋಡಿಯಾಗಿಯೇ ಉಜ್ಜಿ ತಯಾರಾದವು, ಬೇರೆ ಮಾಡಿದರೆ ಕೂಗುತ್ತವೆ. ಚಾಚಾ ಫ್ಲ್ಯಾಂಜಿಗೆ ಸೀಮೆಸುಣ್ಣದ ಗುರುತು ಹಾಕಿ, ಎರಡೂ ಹಬ್ಬುಗಳನ್ನು ಒಟ್ಟಿಗೆ ಒಂದು ಸುತ್ತು ತಿರುಗಿಸಲು ಹೇಳಿದರು. ನಾವೇ ಎಣಿಸಿದೆವು. ಆರಕ್ಕೆ ಸ್ವಲ್ಪ ಕಡಿಮೆ. ಪಾಟಾ ಕೂರುವ ಜಾಗದ ಅಳತೆ, ಬ್ರೇಕ್ ಡ್ರಮ್ಮು, ಜಾಯಿಂಟಿನ ಬೋಲ್ಟು, ಎಲ್ಲ ಹೊಂದಿದವು. ಎರಡು ದಿನದ ಕೆಲಸ. ಕೊನೆಗೆ 90 ನಂಬರ್ ಆಯಿಲ್ ತುಂಬಿದರು. ಎಲ್ಲ ಸೇರಿ 48 ಸಾವಿರ. ಅದರಲ್ಲಿ 30 ಸಾವಿರ ಅತ್ತಿಗೆಯ ಬೋರಮಾಳ ಅಡವಿಟ್ಟು ತಂದದ್ದು.

ಹೊರಡುವಾಗ ಚಾಚಾ ಮೀಟರಿನ ಬಗ್ಗೆ ಏನೋ ಹೇಳಿದರು. ಅಷ್ಟರಲ್ಲಿ ನಮಗೆ ಡೆಸ್ಕಿನಿಂದ ಫೋನ್ ಬಂತು. ಅಣ್ಣ ಇಂಜಿನ್ ಚಾಲೂ ಮಾಡಿಬಿಟ್ಟಿದ್ದ.

ತಿಂಗಳು ಕಳೆಯಿತು. ಅಣ್ಣ ಲೆಕ್ಕ ಹಾಕಿದ: ಲೀಟರಿಗೆ 4.3. ಮೊದಲಿಗಿಂತ ಕಡಿಮೆ! ಅದೇ ವಾರ ರಾತ್ರಿ ಹರಿಹರದ ಹತ್ತಿರ ಹಿಂದಿನ ದೀಪವಿಲ್ಲದ ಟ್ರ್ಯಾಕ್ಟರ್ ಎದುರಾಗಿ, ಬ್ರೇಕ್ ಒತ್ತಿದರೂ ಲಾರಿ ಗೇಣು ಅಂತರದಲ್ಲಿ ನಿಂತಿತು. ಟ್ರೇಲರಿನ ಮೇಲೆ ಹೆಣ್ಣಾಳುಗಳು ಕೂತಿದ್ದರಂತೆ. "ಮೀಟರ್ ಬರೇ ಐವತ್ತರಾಗಿತ್ತೋ ತಮ್ಮಾ. ಐವತ್ತರಾಗ ಈ ಗಾಡಿ ಎಲ್ಲಿ ನಿಲ್ತೈತಿ ಅಂತ ನನಗೆ ಗೊತ್ತಿಲ್ಲೇನು?" ಅಂದ. ಅವನ ಕೈ ಬೆಳಿಗ್ಗೆಯೂ ನಡುಗುತ್ತಿತ್ತು. ಅತ್ತಿಗೆ ಏನೂ ಮಾತಾಡಲಿಲ್ಲ. ಖಾಲಿ ಕೊರಳು ನೋಡಿದರೆ ಸಾಕಿತ್ತು.

ನಮಗೆ ಸಿಟ್ಟು ಬಂತು. ಕೆಟ್ಟ ಆಕ್ಸಲ್, ಕೆಟ್ಟ ಬ್ರೇಕ್ ಕೊಟ್ಟು ಮೋಸ ಮಾಡಿದ್ದಾರೆ ಎಂದು ತೀರ್ಮಾನಿಸಿ, ಗುಜರಿ ಸಾಮಾನು ಮಾರಿ ಲಾರಿ ಮಾಲೀಕರನ್ನು ಸುಲಿಯುವ ಗ್ಯಾರೇಜುಗಳ ಬಗ್ಗೆ ಸುದ್ದಿ ಬರೆದು ಕಳಿಸಿಯೇಬಿಟ್ಟೆವು. ಹೆಸರು ಹಾಕಿರಲಿಲ್ಲ, ಆದರೆ ಊರವರಿಗೆ ಯಾರೆಂದು ತಿಳಿಯದೇ ಇರುತ್ತಿರಲಿಲ್ಲ. ಡೆಸ್ಕಿನವರು ಒಂದೇ ಸಾಲು ಕೇಳಿದರು: ಮಿಸ್ತ್ರಿಯ ಹೇಳಿಕೆ ಎಲ್ಲಿ? ಡಿಪ್ಲೊಮಾದ ಮೊದಲ ವಾರದಲ್ಲೇ ಕಲಿಸುವ ಪಾಠ. ಮೋರೆ ಬಿಸಿಯಾಯಿತು.

ಹೇಳಿಕೆ ಕೇಳುವ ಮೊದಲು ಸಾಕ್ಷಿ ಇರಲಿ ಎಂದು ಅಣ್ಣನ ಜೊತೆ ಲಾರಿ ಹತ್ತಿದೆವು. ಹೆದ್ದಾರಿಯಲ್ಲಿ ಬೇಸರಕ್ಕೆ ಕಿಲೋಮೀಟರ್ ಕಲ್ಲು ಎಣಿಸುತ್ತಾ ಕೂತೆವು. ಕಲ್ಲು 35 ದಾಟಿದಾಗ ಮೀಟರಿನಲ್ಲಿ ಓಡಿದ್ದು 30 ಮಾತ್ರ. ಬರುವಾಗ ಮತ್ತೆ ಎಣಿಸಿದೆವು. ಅಷ್ಟೇ.

ಮೀಟರಿನ ಕೇಬಲ್ ಬರುವುದು ಗೇರ್‌ಬಾಕ್ಸಿನ ಹಿಂಭಾಗದಿಂದ, ಚಕ್ರದಿಂದಲ್ಲ. ಹಲ್ಲು ಬದಲಾದದ್ದು ಅದಕ್ಕೆ ಗೊತ್ತೇ ಇಲ್ಲ. ಆರಕ್ಕೆ ಏಳು: ಮೀಟರ್ 30 ಎಂದರೆ ನಿಜಕ್ಕೆ 35. ಹಾಗಾದರೆ ಲೀಟರಿಗೆ 4.3 ಅಲ್ಲ, 5. ಆ ರಾತ್ರಿ ಅಣ್ಣ ಹೋಗುತ್ತಿದ್ದದ್ದು ಐವತ್ತರಲ್ಲಲ್ಲ, 58ರಲ್ಲಿ. ಬ್ರೇಕಿನ ತಪ್ಪೇನೂ ಇರಲಿಲ್ಲ.

ಚಾಚಾನ ಹತ್ತಿರ ಹೋದೆವು. ಸುದ್ದಿ ಬರೆದದ್ದನ್ನೂ ಹೇಳಿಬಿಟ್ಟೆವು. ಅವರು ಕೈ ಒರೆಸಿಕೊಂಡು, "ಮೀಟರ್ ನಂಬಬ್ಯಾಡ್ರಿ ಅಂತ ಅವತ್ತ ಹೇಳಿದ್ನೆಲ್ರೀ. ನೀವು ಫೋನಿನ್ಯಾಗಿದ್ರಿ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಬರೆಯೂ ಮುಂಚೆ ಒಂದು ಚಾ ಕುಡೀಲಿಕ್ಕರ ಬರಬೇಕಿತ್ತು" ಅಂದರು. ಆ ಚಹಾ ಗಂಟಲಲ್ಲಿ ಇಳಿಯಲಿಲ್ಲ.

ಕೇಬಲ್ಲಿನ ಚಿಕ್ಕ ಗೇರು ಬದಲಿಸಿದರೆ ಮೀಟರ್ ಸರಿಹೋಗುತ್ತದೆ. ಹೊಂದುವ ಗೇರು ಇನ್ನೂ ಸಿಕ್ಕಿಲ್ಲ. ಸದ್ಯಕ್ಕೆ ಡ್ಯಾಶ್‌ಬೋರ್ಡಿನ ಮೇಲೆ ನಮ್ಮ ಅಕ್ಷರದಲ್ಲಿ ಒಂದು ಚೀಟಿ ಇದೆ: 30 ಅಂದರೆ 35, 40 ಅಂದರೆ 47, 50 ಅಂದರೆ 58, 60 ಅಂದರೆ 70. ಬೋರಮಾಳ ಬಿಡಿಸಲು ಇನ್ನೂ ಎರಡು ಕಂತು ಬಾಕಿ.

ಹಳೇ ಆಕ್ಸಲ್ ಹಿತ್ತಲಿನ ಬೇವಿನ ಮರದ ಕೆಳಗೆ ಬಿದ್ದಿದೆ. ಅದರ ಮೇಲೆ ಕೋಳಿ ಕೂರುತ್ತವೆ. ಮೊನ್ನೆ ಕುಮಟಾದಿಂದ ಹೆಂಚು ತರುವ ಬಾಡಿಗೆ ಬಂದಿತ್ತು, ಒಳ್ಳೆಯ ದುಡ್ಡು. ಅಣ್ಣ ಅದನ್ನೊಮ್ಮೆ ನೋಡಿ, ಫೋನಿನಲ್ಲಿ "ಈ ಹಲ್ಲಿಗೆ ಆ ಘಟ್ಟ ಬ್ಯಾಡ್ರಿ" ಎಂದು ಇಟ್ಟುಬಿಟ್ಟ.