ವರ್ಕ್‌ಶಾಪಿನ ಮೂರು ಹಾಳೆ

ಸೀತಾಂಗೋಳಿಯ ನಮ್ಮ ಜಿನಸಿನ ಅಂಗಡಿಯಲ್ಲಿ ಉಪ್ಪ ಸಾಲದ ಲೆಕ್ಕವನ್ನು ಎರಡು ಕಡೆ ಬರೆಯುತ್ತಿದ್ದರು. ಗಲ್ಲಾದ ಹತ್ತಿರ ಎಲ್ಲರದ್ದೂ ಇರುವ ದೊಡ್ಡ ಪುಸ್ತಕ. ಮತ್ತೆ ಪ್ರತಿ ಮನೆಗೆ ಒಂದೊಂದು ಚಿಕ್ಕ ಪುಸ್ತಕ, ಅದು ಆ ಮನೆಯಲ್ಲೇ ಇರುತ್ತಿತ್ತು. ಒಂದೇ ಲೆಕ್ಕ ಎರಡು ಸಲ ಯಾಕೆ ಎಂದು ನಾನು ಗೊಣಗುತ್ತಿದ್ದೆ. ಒಂದು ಮಳೆಗಾಲದಲ್ಲಿ ಮಾಡು ಸೋರಿ ದೊಡ್ಡ ಪುಸ್ತಕದ ಶಾಯಿಯೆಲ್ಲ ಕದಡಿತು. ಉಪ್ಪ ಮನೆಮನೆಗೆ ಹೋಗಿ, ಚಿಕ್ಕ ಪುಸ್ತಕ ನೋಡಿ, ಎಲ್ಲವನ್ನೂ ಮತ್ತೆ ಬರೆದರು. (ಖುರ್‌ಆನಿನ ಅತಿ ಉದ್ದದ ಆಯತ್ ಸಾಲ ಬರೆದಿಡುವುದರ ಬಗ್ಗೆಯೇ ಇದೆಯಲ್ಲ.)

ಡಿಪ್ಲೊಮಾ ಮುಗಿಸಿ ದುಬೈಯ ಒಂದು ಕಂಪೆನಿಯ ವರ್ಕ್‌ಶಾಪ್ ಸೇರಿದೆ. ಅಲ್ಲಿ ತಿಂಗಳ ಹಾಜರಿ ರಿಪೋರ್ಟ್ 600 ಪುಟ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್, ಅಂಚಿನಲ್ಲಿ ತೂತಿರುವ ಕಾಗದ. ಇಡೀ ಕಟ್ಟು ಎಲ್ಲ ವಿಭಾಗಗಳಿಗೂ ಬರುತ್ತಿತ್ತು. ನಮಗೆ ಬೇಕಾದದ್ದು ಮೂರೇ ಹಾಳೆ. ಆಮೇಲೆ ಪಿಡಿಎಫ್ ಬಂತು. 40 ಎಂಬಿ ಫೈಲನ್ನು 60 ಮಂದಿಗೆ ಮೈಲ್ ಮಾಡುತ್ತಿದ್ದರು, ಅಂದರೆ ತಿಂಗಳಿಗೆ 2,400 ಎಂಬಿ. ಮೈಲ್‌ಬಾಕ್ಸ್ ತುಂಬಿದಾಗ ಎಲ್ಲರೂ ಮೊದಲು ಅಳಿಸುತ್ತಿದ್ದದ್ದು ಅದನ್ನೇ. ಸರ್ವರಿನಲ್ಲಿ ಒಂದೇ ಪ್ರತಿ ಇಟ್ಟು, ವಿಭಾಗದ ಕೋಡ್ ಪ್ರಕಾರ ತುಂಡು ಮಾಡಿ ಅವರವರ ಪುಟ ಮಾತ್ರ ಕಳಿಸುವ ಬುದ್ಧಿ ಬಂದದ್ದು ತಡವಾಗಿ. ಹೊಸ ಸಾಫ್ಟ್‌ವೇರಿಗೆ ಹೋಗುವಾಗ ಹಳೆಯ ವರ್ಷಗಳನ್ನು ತರಲೇ ಇಲ್ಲ.

ಅಷ್ಟರಲ್ಲಿ ನಮ್ಮ ಊರಕಡೆಯ ಕಾಕ ಒಬ್ಬರು 14 ವರ್ಷ ದುಡಿದು ಹಿಂದಿರುಗಲು ಹೊರಟರು. ಮೊದಲ ನಾಲ್ಕು ವರ್ಷ ಅವರ ನಂಬರ್ ಬೇರೆ ಇತ್ತು. ಕಂಪ್ಯೂಟರ್ ಹತ್ತೇ ವರ್ಷ ತೋರಿಸಿತು. ಅಲ್ಲಿನ ಕಾನೂನಿನಂತೆ ಗ್ರಾಚ್ಯುಟಿ ಮೊದಲ ಐದು ವರ್ಷಕ್ಕೆ ತಲಾ 21 ದಿನ, ನಂತರ ವರ್ಷಕ್ಕೆ 30 ದಿನದ ಮೂಲ ಸಂಬಳ. 375 ದಿನದ್ದು ಸಿಗಬೇಕಾದಲ್ಲಿ 255. ನಾಲ್ಕು ತಿಂಗಳ ಸಂಬಳ ಹೋಯಿತು. “ಮೋನು, ನಾನು ಇಲ್ಲಿ ಇರಲೇ ಇಲ್ಲವಾ?” ಎಂದು ಕೇಳಿದರು.

ಆಫೀಸಿನಲ್ಲಿ ಹಳೆಯ ಕಟ್ಟುಗಳು ಇರಲಿಲ್ಲ. ನಾಲ್ಕು ವರ್ಷದ್ದು 28,800 ಪುಟ, ಯಾರು ಇಡುತ್ತಾರೆ? ಆದರೆ ನಮ್ಮ ವರ್ಕ್‌ಶಾಪಿನ ಹಳೆಯ ಕ್ಲರ್ಕ್ ತಿಂಗಳಿಗೆ ಮೂರು ಹಾಳೆ ಹರಿದಿಟ್ಟು, ಉಳಿದದ್ದನ್ನು ಗ್ರೀಸ್ ಒರೆಸಲು ಕೊಡುತ್ತಿದ್ದ. ಒಟ್ಟು 144 ಹಾಳೆ, ಒಂದೇ ಬಾಕ್ಸ್ ಫೈಲ್. ಬಿಡಿಭಾಗಗಳ ಕಪಾಟಿನ ಮೇಲೆ ಧೂಳು ಹಿಡಿದು ಕೂತಿತ್ತು. ಅದರಲ್ಲಿ ಕಾಕನ ಹಳೆಯ ನಂಬರ್ 48 ತಿಂಗಳೂ ಇತ್ತು.

ಹಣ ಬಂತು. ಆ ಹಾಳೆಗಳನ್ನು ಸ್ಕ್ಯಾನ್ ಮಾಡಿಸಿದೆವು. ಸ್ಕ್ಯಾನ್ ಎಂದರೆ ಬರೀ ಚಿತ್ರ, ನಂಬರ್ ಕೊಟ್ಟು ಹುಡುಕಿದರೆ ಸಿಗುವುದಿಲ್ಲ. ಹಾಗಾಗಿ ಎರಡು ಶುಕ್ರವಾರ ಜುಮಾ ಮುಗಿಸಿ ಬಂದು ಕೂತು ನಂಬರುಗಳ ಪಟ್ಟಿ ಟೈಪ್ ಮಾಡಿದೆ. ಕಾಕ ತನ್ನ ಪುಟಗಳ ಜೆರಾಕ್ಸ್ ತೆಗೆಸಿ ಪಾಸ್‌ಪೋರ್ಟಿನ ಜೊತೆ ಕಟ್ಟಿಕೊಂಡು ಊರಿಗೆ ಹೋದರು.